ವಸತಿ ಸಾಹೇಬರಿಗೊಂದು ರೂಮು

"ನನ್ನ ಟೇಬಲ್ಲಿನ ಮುಂದೆ ಬಂದು ಕೂತವರು ಯಾರೂ ಇವತ್ತಿನವರೆಗೆ ಬೀದೀಲಿ ಮಲಗಿಲ್ಲ! ಒಂದೇ ದಿನ ಕೊಡಮ್ಮ. ಹೆದರಬೇಡ, ನಾನಿದ್ದೀನಲ್ಲ!"

ಹೀಗೆಂದು ಎದೆಯುಬ್ಬಿಸಿ ಘೋಷಿಸಿದವರು ನಮ್ಮ ವಸತಿ ಸಾಹೇಬರು. ಕಾಲೇಜಿಗೆ ಹೊರದೇಶಗಳಿಂದ ಓದಲು ಬರುವ ಮಕ್ಕಳಿಗೆ ಕೈಗೆಟುಕುವ ಬಾಡಿಗೆಯಲ್ಲಿ ರೂಮು ಹುಡುಕಿಕೊಡುವ ಮಹಾ ಇಲಾಖೆಗೆ ಅವರೇ ಮುಖ್ಯಸ್ಥರು, ಅವರೇ ಗುಮಾಸ್ತರು, ಫ್ಯಾನು ಕೆಟ್ಟರೆ ಸ್ಟೂಲು ಹತ್ತುವವರೂ ಅವರೇ. ಬಾಗಿಲಿಗೆ ಹೊಸ ಬೋರ್ಡು ಬಿದ್ದ ದಿನದಿಂದ ಎಲ್ಲರೂ ಅವರನ್ನು ಸಾಹೇಬರೆಂದೇ ಕರೆಯುತ್ತಿದ್ದರು, ಅವರ ಹೆಂಡತಿಯೊಬ್ಬರನ್ನು ಬಿಟ್ಟು.

ಎದುರಿಗಿದ್ದವಳು ಸೇತುವೆ ಕಟ್ಟುವ ವಿದ್ಯೆ ಕಲಿಯಲು ಸಮುದ್ರ ದಾಟಿ ಬಂದ ಹುಡುಗಿ. ಕುರ್ಚಿ ಖಾಲಿಯಿದ್ದರೂ ತನ್ನ ಸೂಟ್‌ಕೇಸಿನ ಮೇಲೆಯೇ ಕೂತಿದ್ದಳು. ಇಲ್ಲಿನ ಮಾತನ್ನು ಬರುವ ಮೊದಲೇ ಅಷ್ಟಿಷ್ಟು ಕಲಿತಿದ್ದಳು. ಹೊಸ ಮಾತು ಕಿವಿಗೆ ಬಿದ್ದರೆ ಮೆಲ್ಲಗೆ ಹೇಳಿಕೊಂಡು ಜೋಪಾನ ಮಾಡಿಡುತ್ತಿದ್ದಳು.

"ನಾನಿದ್ದೀನಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ತಲೆ ತಗ್ಗಿಸಿದಳು. "ಸರ್, ಅಮ್ಮನಿಗೆ ರೂಮು ಸಿಕ್ಕಿತು ಅಂತ ಹೇಳಿಬಿಟ್ಟೆ. ಫೋನಲ್ಲಿ ಕಾಲೇಜಿನ ಅತಿಥಿ ಕೋಣೆಯ ಕಿಟಕಿ ತೋರಿಸಿದೆ. ಒಳ್ಳೇ ಗಾಳಿ ಬರುತ್ತೆ ಅಂತ ಅವರಿಗೆ ತುಂಬಾ ಖುಷಿ."

ಆ ಅತಿಥಿ ಕೋಣೆಯನ್ನು ಮರುದಿನ ಬೆಳಗ್ಗೆ ಖಾಲಿ ಮಾಡಬೇಕು. ಅಷ್ಟರೊಳಗೆ ವಾಸದ ವಿಳಾಸ ಕೊಡದಿದ್ದರೆ ಸೀಟು ಹೋಯಿತು. ಸೀಟು ಹೋದರೆ ಸೂಟ್‌ಕೇಸ್ ಸಮೇತ ವಾಪಸ್ ಊರಿಗೆ. ಸಾಹೇಬರು ಕೊಡೆ ಎತ್ತಿಕೊಂಡು ದಂಡಯಾತ್ರೆಗೆ ಹೊರಟೇಬಿಟ್ಟರು.

ಮೊದಲನೆಯ ಮನೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಓದೋ ಹುಡುಗಿ. ಹೊರದೇಶದವಳು." ಮನೆ ಯಜಮಾನ ನಿಂತ ನಿಲುವಿನಲ್ಲೇ ಬಾಡಿಗೆಯನ್ನು ದುಪ್ಪಟ್ಟು ಮಾಡಿದ.

"ವಿಮಾನದಲ್ಲಿ ಬಂದೋರಿಗೆ ಇದೆಲ್ಲ ಯಾವ ಲೆಕ್ಕ ಸಾರ್?"

ಎರಡನೆಯ ಕಡೆ ಬಾಡಿಗೆ ಪರವಾಗಿಲ್ಲ, ರೂಮು ಮಾತ್ರ ಮೆಟ್ಟಿಲ ಕೆಳಗೆ. ಸಾಹೇಬರು ಒಳಗೆ ಕಾಲಿಟ್ಟರೋ ಇಲ್ಲವೋ, ತಲೆ ಢಮಾರ್!

"ಏನ್ರೀ ಇದು, ನಿಂತ್ರೆ ತಲೆ ತಾಗುತ್ತಲ್ಲ?"

"ಓದೋರು ಕೂತ್ಕೊಂಡು ತಾನೇ ಸಾರ್ ಓದೋದು?"

ಬುರುಡೆ ಸವರಿಕೊಂಡು ಮೂರನೆಯ ಕಡೆಗೆ ಬಂದರು. ಕೆಳಗೆ ಟೈಲರ್ ಅಂಗಡಿ, ಮೇಲೆ ರೂಮು. ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಟೈಲರಮ್ಮ ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಎರಡು ಕಿಟಕಿ, ಒಂದು ಮೇಜು, ಬೇರೆಯದೇ ನಲ್ಲಿ. ಆಹಾ! ಸಾಹೇಬರ ಮನಸ್ಸು ಅಲ್ಲೇ ಕೂತುಬಿಟ್ಟಿತು. ಇಲ್ಲಿ ಮಾತ್ರ ನಿಜ ಹೇಳಿ ಕೆಡಬಾರದು ಎಂದು ನಿಶ್ಚಯಿಸಿದರು. ಬಾಡಿಗೆ ಒಮ್ಮೆ ಗಟ್ಟಿಯಾಗಲಿ, ಆಮೇಲೆ ನನ್ನ ಬದಲು ಹುಡುಗಿ ಇರುತ್ತಾಳೆ ಅಂದರಾಯಿತು! ಎಂಥ ತಲೆ! ಈಗಷ್ಟೇ ಪೆಟ್ಟು ತಿಂದಿದ್ದ ತಲೆ ಎಂಬುದು ಅವರಿಗೆ ನೆನಪಾಗಲಿಲ್ಲ.

"ರೂಮು ಯಾರಿಗೆ?" ಟೈಲರಮ್ಮ ಕೇಳಿದರು.

"ನನಗೇ."

"ನಿಮಗಾ? ಮನೆ ಇಲ್ವಾ?"

"ಇತ್ತು. ಹೆಂಡತಿ ಹೊರಗೆ ಹಾಕಿಬಿಟ್ಲು."

"ಅಯ್ಯಯ್ಯೋ! ಈ ವಯಸ್ಸಲ್ಲಾ?"

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸುಳ್ಳಿಗೆ ಕೂತರೆ ಸಾಹೇಬರಿಗೆ ಬ್ರೇಕು ಹಿಡಿಯುವುದಿಲ್ಲ. "ಊಟಾನೂ ಸರಿಯಾಗಿ ಹಾಕ್ತಿರ್ಲಿಲ್ಲ ಅಮ್ಮ," ಎಂದುಬಿಟ್ಟರು.

ಟೈಲರಮ್ಮ ಕಣ್ಣಲ್ಲೇ ಅಳತೆ ತೆಗೆದರು. "ಸೊಂಟ ನೋಡಿದ್ರೆ ಹಾಗನ್ನಿಸಲ್ಲ."

"ಅದು ದುಃಖಕ್ಕೆ ಊದಿಕೊಂಡಿರೋದು."

ಹೇಳುತ್ತಿದ್ದಂತೆ ಹುಡುಗಿ ತನ್ನಮ್ಮನಿಗೆ ತೋರಿಸಿದ ಕಿಟಕಿ ನೆನಪಾಗಿ ಸಾಹೇಬರಿಗೆ ನಿಜವಾಗಿಯೂ ಕಣ್ಣೀರು ಬಂತು. ಟೈಲರಮ್ಮ ಕರಗಿ ನೀರಾದರು. ಬಾಡಿಗೆ ಅರ್ಧಕ್ಕೆ ಇಳಿಯಿತು, ಕೀಲಿಕೈ ಅಂಗೈಗೆ ಬಂತು.

"ಅಂದ ಹಾಗೆ, ಮನೆ ಎಲ್ಲಾಯ್ತು ನಿಮ್ದು?"

ದಿನವಿಡೀ ವಿಳಾಸಗಳ ಜೊತೆಯೇ ಬದುಕುವ ಮನುಷ್ಯ! ಬಾಯಿ ತನ್ನಷ್ಟಕ್ಕೇ ಒಪ್ಪಿಸಿತು. "ನೀರಿನ ಟ್ಯಾಂಕಿನ ಎದುರು, ನೀಲಿ ಗೇಟು."

ಮನೆಗೆ ಬಂದವರೇ ಕುರ್ಚಿಯಲ್ಲಿ ಕಾಲು ಚಾಚಿದರು. "ಏನೇ, ಒಂದು ಟೀ ತಾ! ಕೋಟೆ ಗೆದ್ದು ಬಂದಿದ್ದೀನಿ!"

ಒಗೆದ ಬಟ್ಟೆ ಮಡಚುತ್ತಿದ್ದ ಹೆಂಡತಿ ಏಳುವುದಕ್ಕೂ ಬಾಗಿಲ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಹೊಸ್ತಿಲಲ್ಲಿ ಟೈಲರಮ್ಮ!

"ಬಟ್ಟೆಬರೆ ತಗೊಂಡು ಹೋಗೋಕೆ ಬಂದಿರೋ ಈ ಪಾಪದ ಮನುಷ್ಯನ್ನ ಮನೆಯಿಂದ ಹೊರಗೆ ಹಾಕಿದ್ದು ನೀವೇನಾ? ಇಬ್ಬರನ್ನೂ ಒಂದು ಮಾಡಿಸೋಣ ಅಂತ ಅಂಗಡಿ ಮುಚ್ಚಿ ಬಂದೆ."

ಹೆಂಡತಿ ಗಂಡನನ್ನು ನೋಡಿದರು. ಗಂಡ ಫ್ಯಾನು ನೋಡಿದರು.

"ಹೌದು ಅಕ್ಕ, ನಾನೇ," ಹೆಂಡತಿ ಸಾವಧಾನವಾಗಿ ಹೇಳಿದರು. "ಒಳಗೆ ಬನ್ನಿ. ಟೀ ಕುಡೀತಾ ಮಾತಾಡೋಣ."

ಸಾಹೇಬರ ಟೀ ಟೈಲರಮ್ಮನ ಪಾಲಾಯಿತು.

"ಲೋಕಕ್ಕೆಲ್ಲ ಮನೆ ಹುಡುಕ್ತಾರೆ ಅಕ್ಕ, ಸ್ವಂತ ಮನೆಯ ನಲ್ಲಿ ಸೋರೋದು ಕಣ್ಣಿಗೆ ಬೀಳಲ್ಲ. ಒದ್ದೆ ಟವೆಲು ಹಾಸಿಗೆ ಮೇಲೆ. ಒಂದು ಮಾತು ಹೇಳಿದ್ರೆ ಕಿವಿಗೆ ಹಾಕ್ಕೊಳ್ಳಲ್ಲ, ಕಾಲೇಜಲ್ಲಿ ಸಾಹೇಬರಲ್ವಾ!"

ಒಂದೊಂದು ಮಾತಿಗೂ ಟೈಲರಮ್ಮನ ಮುಖ ಬಿಗಿಯಾಗುತ್ತ ಹೋಯಿತು. ಕೊನೆಗೆ ಲೋಟ ಕೆಳಗಿಟ್ಟು ಸಾಹೇಬರ ಮುಂದೆ ಕೈ ಚಾಚಿದರು.

"ಕೀಲಿಕೈ ಕೊಡಿ ಇಲ್ಲಿ. ಇಂಥವರಿಗೆ ನಮ್ಮನೇಲಿ ಜಾಗ ಇಲ್ಲ. ಅವರು ಮಾಡಿದ್ದೇ ಸರಿ!"

ಸಾಹೇಬರು ಕುರ್ಚಿಯಿಂದ ಛಂಗನೆ ಎದ್ದರು. ತಮ್ಮ ಮಾನ ಹೋದರೆ ಹೋಗಲಿ, ರೂಮು ಹೋದರೆ ಆ ಹುಡುಗಿ ಬೆಳಗ್ಗೆ ಎಲ್ಲಿಗೆ ಹೋಗಬೇಕು? ಕೀಲಿಕೈಯನ್ನು ಎದೆಗವಚಿಕೊಂಡು ಒಂದೇ ಉಸಿರಿಗೆ ಎಲ್ಲವನ್ನೂ ಕಕ್ಕಿಬಿಟ್ಟರು. ಸೂಟ್‌ಕೇಸು, ಸೀಟು, ದುಪ್ಪಟ್ಟು ಬಾಡಿಗೆ, ಮೆಟ್ಟಿಲು, ಅತಿಥಿ ಕೋಣೆಯ ಕಿಟಕಿ.

ಟೈಲರಮ್ಮ ಹಣೆ ಚಚ್ಚಿಕೊಂಡರು. "ಓದೋ ಹೆಣ್ಣುಮಕ್ಕಳಿಗೆ ಮಾತ್ರ ಅಂತ ಬಾಗಿಲಲ್ಲೇ ಬರೆದು ಹಾಕಿದ್ದೀನಲ್ಲ ಸ್ವಾಮಿ! ಗಂಡಸರಿಗೆ ಕೊಡೋದೇ ಇಲ್ಲ. ನೀವು ಕಣ್ಣೀರು ಹಾಕಿದ್ರಿ ಅಂತ ಕೊಟ್ಟಿದ್ದು. ಹುಡುಗೀಗೆ ಅಂದಿದ್ರೆ ಇನ್ನೂ ಕಮ್ಮಿ ಮಾಡ್ತಿದ್ದೆ!"

ಆಮೇಲೆ ಕೆಲಸವೆಲ್ಲ ಚಕಚಕನೆ ಸಾಗಿತು. ಹೆಂಗಸರಿಬ್ಬರೂ ಹೋಗಿ ಹುಡುಗಿಯನ್ನು ಕರೆತಂದು ರೂಮು ಸೇರಿಸಿದರು. ಹುಡುಗಿಗೆ ದಿಂಬಿಲ್ಲವೆಂದು ಸಾಹೇಬರ ದಿಂಬೇ ಹೋಯಿತು. ವಾಪಸ್ ಬಂದ ಹೆಂಡತಿ ಒಂದು ಚಾಪೆ ತಂದು ವರಾಂಡದಲ್ಲಿ ಹಾಸಿದರು.

"ಇದೇನೇ ಇದು?"

"ನಾಲ್ಕು ಜನರ ಮುಂದೆ ಹೇಳಿದ್ದೀರಿ. ನನ್ನ ಗಂಡನ ಮಾತು ಸುಳ್ಳಾಗಬಾರದು!"

ಮರುದಿನ ಸಾಹೇಬರು ಸೊಟ್ಟ ಕತ್ತಿನೊಂದಿಗೆ ಆಫೀಸಿಗೆ ಬಂದರು. ಹುಡುಗಿ ಓಡೋಡಿ ಬಂದು ಈ ಸಲ ಕುರ್ಚಿಯಲ್ಲೇ ಕೂತಳು. ವಿಳಾಸ ಬರೆಸಿದ್ದಳು, ಸೀಟು ಉಳಿದಿತ್ತು.

"ಅಮ್ಮನಿಗೆ ಈಗ ಎರಡು ಕಿಟಕಿ ತೋರಿಸಿದೆ ಸರ್! ಒಂದು ದಿನದಲ್ಲಿ ಇನ್ನೊಂದು ಕಿಟಕಿ ಎಲ್ಲಿಂದ ಬಂತು ಅಂದರು."

ಸಾಹೇಬರ ಕತ್ತು ನೋವು ಅರ್ಧ ಇಳಿಯಿತು. ಎಷ್ಟಾದರೂ ಗೆದ್ದೆನಲ್ಲ ಎಂದು ಎದೆ ಮತ್ತೆ ಉಬ್ಬುತ್ತಿತ್ತು. ಅಷ್ಟರಲ್ಲಿ ಹುಡುಗಿ ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು.

"ಸರ್, ಮೇಡಂ ನಿಮ್ಮನ್ನು ಮನೆಯಿಂದ ಹೊರಗೆ ಹಾಕಿದ್ದನ್ನು ಟೈಲರಮ್ಮ ನಗ್ತಾ ಹೇಳಿದರು. ಮೇಡಂ ಕೂಡ ನಗ್ತಾನೇ ಹೌದು ಅಂದರು. ನನಗೆ ತುಂಬಾ ಬೇಜಾರಾಯ್ತು. ಅದಕ್ಕೇ ಬರೋ ದಾರೀಲಿ ನಿಮಗೂ ಒಂದು ರೂಮು ನೋಡಿ ಬಂದೆ. ಬಾಡಿಗೆ ಕಮ್ಮಿ. ಮೆಟ್ಟಿಲ ಕೆಳಗೆ ಇದೆ, ನಿಂತರೆ ತಲೆ ತಾಗುತ್ತೆ. ಆದರೆ ಆಫೀಸಲ್ಲೂ ನೀವು ಕೂತೇ ಇರ್ತೀರಲ್ಲ?"

ಸಾಹೇಬರು ಒಂದು ಕೈಯಿಂದ ಬುರುಡೆ ಸವರಿಕೊಂಡರು.

"ಒಂದೇ ದಿನ ಕೊಡಿ ಸರ್," ಹುಡುಗಿ ಅವರ ಕೈ ತಟ್ಟಿದಳು. "ಹೆದರಬೇಡಿ, ನಾನಿದ್ದೀನಲ್ಲ!"