ನಲವತ್ತೊಂದು ಮನೆ, ಒಂದೂ ಬಾವಿಯಿಲ್ಲ

ಎಲ್ಲ ರಗಳೆಗೂ ಕಾರಣ ಫ್ರಿಜ್ಜಿನ ಬಾಗಿಲು. ಅದು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಫ್ರಿಜ್ಜು ಮುಂದಕ್ಕೆ ವಾಲಿದೆ, ಕಾಲಿಗೊಂದು ರಟ್ಟು ಕೊಡಿ ಎಂದು ಹೆಂಡತಿ ಎಂಟು ದಿನದಿಂದ ಹೇಳುತ್ತಲೇ ಇದ್ದಳು. ಒಂಬತ್ತನೆಯ ದಿನ ಬೆಳಿಗ್ಗೆ ಬಾವಿ ಗುಮಾಸ್ತರಿಗೆ ಉತ್ಸಾಹ ಬಂತು. ರಟ್ಟು ಮಡಚಿಟ್ಟುಕೊಂಡು, ಫ್ರಿಜ್ಜನ್ನು ಎತ್ತಲು ಅದರ ಕಾಲಿನಡಿ ಹಾರೆ ತೂರಿಸಿ ಒಂದು ಮೀಟು ಮೀಟಿದರು. ಟೈಲ್ಸು ಒಡೆಯಿತು, ಅದರಡಿಯ ಚಪ್ಪಡಿ ಬಿರಿಯಿತು, ಹಾರೆ ಕೈಯಿಂದ ಜಾರಿ ಮಾಯವಾಯಿತು. ಸ್ವಲ್ಪ ಹೊತ್ತಿನ ಮೇಲೆ, ಬಹಳ ಕೆಳಗಿನಿಂದ, ಡುಬುಕ್ ಎಂದಿತು.

"ಇದು ಬಾವಿ ಕಣ್ರೀ" ಎಂದಳು ಹೆಂಡತಿ.

"ಬಾವಿ ಆಗೋಕೆ ಸಾಧ್ಯವೇ ಇಲ್ಲ" ಎಂದರು ಗುಮಾಸ್ತರು, ತೂತಿನೊಳಗೆ ಬಗ್ಗಿ ನೋಡುತ್ತ. ಕೆಳಗಿನ ಕಪ್ಪು ನೀರಿನಲ್ಲಿ ಅವರ ಮುಖವೇ ಅವರನ್ನು ನೋಡುತ್ತಿತ್ತು.

ಹಾಗೆ ಹೇಳುವುದಕ್ಕೆ ಅವರಿಗಿಂತ ಅರ್ಹರು ಬೇರೆ ಇರಲಿಲ್ಲ. ಅವರು ನೀರಿನ ಇಲಾಖೆಯ ಬಾವಿ ವಿಭಾಗದ ಗುಮಾಸ್ತರು. ಬೀದಿಯವರೆಲ್ಲ ಕರೆಯುವುದೇ ಬಾವಿ ಗುಮಾಸ್ತರು ಎಂದು. ಮನೆಗಳಡಿ ಹೂತುಹೋದ ಹಳೆಯ ಬಾವಿಗಳನ್ನು ಪತ್ತೆ ಹಚ್ಚಿ ಎಂದು ಮೂರು ವರ್ಷದ ಹಿಂದೆ ಆದೇಶ ಬಂದಿತ್ತು. ಮನೆಮನೆಗೆ ಹೋಗಿ ನೆಲ ತಟ್ಟಿ ನೋಡಬೇಕಿತ್ತು. ಹೊರಗೆ ಬಿಸಿಲು, ಒಳಗೆ ಫ್ಯಾನು. ಅಲ್ಲದೆ ಪರಿಚಯದವರ ಅಡುಗೆಮನೆಗೆ ನುಗ್ಗಿ ನೆಲ ತಟ್ಟುವುದು ಮರ್ಯಾದಸ್ಥರ ಲಕ್ಷಣವೇ? ಗುಮಾಸ್ತರು ಕುರ್ಚಿ ಬಿಟ್ಟು ಏಳದೆ, ಎರಡು ಲೋಟ ಚಹಾದ ನಡುವೆ, ರಿಜಿಸ್ಟರಿನಲ್ಲಿ ತಮ್ಮ ಬೀದಿಯ ನಲವತ್ತೊಂದು ಮನೆಗಳ ಮುಂದೆ ದುಂಡಗಿನ ಅಕ್ಷರದಲ್ಲಿ ಬರೆದರು: 'ಖುದ್ದಾಗಿ ಪರಿಶೀಲಿಸಲಾಗಿದೆ. ಬಾವಿ ಇಲ್ಲ.' ತಮ್ಮ ಮನೆಯ ಮುಂದೂ ಹಾಗೆಯೇ ಬರೆದುಕೊಂಡರು. ನ್ಯಾಯ ಎಲ್ಲರಿಗೂ ಒಂದೇ.

ಆ ವರದಿಯ ಅಂದಕ್ಕೇ ಅವರಿಗೆ ಮುಖ್ಯ ಗುಮಾಸ್ತರಾಗಿ ಬಡ್ತಿ ಬಂದಿತ್ತು. ಬಡ್ತಿಯ ಕಾಗದ ಹಿಡಿದುಕೊಂಡು ಇಲಾಖೆಯ ಸಾಹೇಬರು ಇವತ್ತು ಸಂಜೆ ನಾಲ್ಕಕ್ಕೆ ಇದೇ ಬೀದಿಗೆ ಬರುವವರಿದ್ದರು. ಬಾವಿಗಳ ಬಗ್ಗೆ ಹೊಸ ಆದೇಶವೊಂದನ್ನು ಜನರಿಗೆ ಓದಿ ಹೇಳಿ, ಆಮೇಲೆ ಅದನ್ನು ಕೊಡುವುದೆಂದು ನಿಕ್ಕಿಯಾಗಿತ್ತು. ಅಷ್ಟರಲ್ಲಿ ಬಾವಿ ಬಾಯಿ ಬಿಟ್ಟಿತ್ತು. ಸುದ್ದಿ ಹೊರಗೆ ಬಿದ್ದರೆ ಬಡ್ತಿ ಹಾಗಿರಲಿ, ಇದ್ದ ಕೆಲಸವೂ ನೀರುಪಾಲು.

"ನಾಲ್ಕರೊಳಗೆ ಮುಚ್ಚಿಬಿಡ್ತೀನಿ" ಎಂದರು ಗುಮಾಸ್ತರು.

ಹಿತ್ತಿಲಲ್ಲಿ ಬಿದ್ದಿದ್ದ ಇಟ್ಟಿಗೆ ಚೂರುಗಳನ್ನು ಹದಿನೆಂಟು ಬುಟ್ಟಿ ಸುರಿದರು. ಬಾವಿ ಪ್ರತಿ ಸಲವೂ ಡುಬುಕ್ ಎಂದು ನುಂಗಿ ಮತ್ತೆ ಬಾಯಿ ತೆರೆದುಕೊಂಡು ಕೂತಿತು. ಸೊಂಟ ಹಿಡಿದುಕೊಂಡದ್ದಷ್ಟೇ ಬಂತು. ಕೊನೆಗೆ ಗಾರೆ ಮೇಸ್ತ್ರಿಯನ್ನು ಹಿಂದಿನ ಬಾಗಿಲಿನಿಂದ ಕರೆಸಿದರು. ಅವನು ಒಮ್ಮೆ ಬಗ್ಗಿ ನೋಡಿ ತಲೆ ಕೆರೆದುಕೊಂಡ.

"ಮುಚ್ಚಬಹುದು ಯಜಮಾನ್ರೇ. ಆದ್ರೆ ಬಾವಿ ವಿಭಾಗದಿಂದ ಒಂದು ಚೀಟಿ ತರಬೇಕು. ಅಲ್ಲಿ ಒಬ್ಬ ಗುಮಾಸ್ತ ಇದಾನಂತೆ, ಭಾರಿ ಸತಾಯಿಸೋ ಆಸಾಮಿ. ಆರು ತಿಂಗಳು ಅಲೆದಾಡಿಸ್ತಾನಂತೆ."

"ನಾನೇ ಅವನು" ಎಂದರು ಗುಮಾಸ್ತರು.

ಮೇಸ್ತ್ರಿ ಬಂದ ಬಾಗಿಲಿನಿಂದಲೇ ಮಾಯವಾದ.

ಬೇರೆ ದಾರಿ ಕಾಣದೆ ಗುಮಾಸ್ತರು ಮಲಗುವ ಕೋಣೆಯ ಬಾಗಿಲನ್ನೇ ಕೀಲಿನಿಂದ ಕಳಚಿ ಬಾವಿಯ ಮೇಲೆ ಮಲಗಿಸಿದರು. ಮೇಲೊಂದು ಚಾಪೆ ಹಾಸುತ್ತಿರುವಾಗ, ಬೆಳಗಿನಿಂದ ಈ ಸದ್ದು ಕೇಳುತ್ತಿದ್ದ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಒಳಗೆ ಬಂದರು. ಅವರ ಹಿಂದೆ ಎದುರು ಮನೆಯ ದರ್ಜಿ, ದರ್ಜಿಯ ಹಿಂದೆ ಅವನ ಅತ್ತೆ. ಅತ್ತೆ ಚಾಪೆಯ ಮೇಲೆ ಕಾಲಿಟ್ಟಳು. ಚಾಪೆ ತಗ್ಗಿತು.

"ಬಾವಿ" ಎಂದಳು ಅತ್ತೆ.

ಗುಮಾಸ್ತರು ಅಲ್ಲೇ ಕುಸಿದು ಕೂತರು. ಅವರಿಗೆ ನಿಜಕ್ಕೂ ಅಳು ಬಂತು. "ಯಾರಿಗೂ ಹೇಳಬೇಡಿ. ನಿಮ್ಮ ಕಾಲು ಹಿಡ್ಕೋತೀನಿ. ಸಾಹೇಬರಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು."

ಮೂವರೂ ಮುಖ ಮುಖ ನೋಡಿಕೊಂಡರು. ಆಮೇಲೆ ದರ್ಜಿ ನಗತೊಡಗಿದ. "ಅಯ್ಯೋ, ಇಷ್ಟೇನಾ. ನಮ್ಮನೇಲೂ ಇದೆ ಸ್ವಾಮಿ, ಬಟ್ಟೆ ಕತ್ತರಿಸೋ ಮೇಜಿನ ಕೆಳಗೆ."

"ನಮ್ಮಲ್ಲಿ ಪುಸ್ತಕದ ಬೀರುವಿನಡಿ" ಎಂದರು ಹೆಡ್‌ಮಾಸ್ತರು. "ಈ ಬೀದೀಲಿ ಬಾವಿ ಇಲ್ಲದ ಮನೆ ಯಾವುದಿದೆ? ಬಾವಿ ಸಿಕ್ಕಿದ್ರೆ ಮನೆ ಖಾಲಿ ಮಾಡಿಸ್ತೀರಿ ಅಂತ ನಿಮಗೆ ಹೆದರಿ ಎಲ್ಲರೂ ಮುಚ್ಚಿಟ್ಟಿದ್ವಿ. ನೀವು ಬೀದೀಲಿ ಬಂದ್ರೆ ಬಾಗಿಲು ಹಾಕ್ಕೋತಿದ್ದದ್ದು ಯಾಕೆ ಅಂದ್ಕೊಂಡ್ರಿ?"

ಗೌರವಕ್ಕೆ ಎಂದುಕೊಂಡಿದ್ದರು ಗುಮಾಸ್ತರು. ಈಗ ಆ ಬೇಜಾರಿಗೂ ಪುರಸೊತ್ತಿರಲಿಲ್ಲ. ಕಳ್ಳರೆಲ್ಲ ಒಂದೇ ಕಡೆ ಸೇರಿದ ಮೇಲೆ ಭಯ ಯಾರದು? ನಿಮ್ಮ ಬಾವಿ ನಾವು ಕಂಡಿಲ್ಲ, ನಮ್ಮ ಬಾವಿ ನೀವು ಕಂಡಿಲ್ಲ ಎಂದು ಮಾತಾಯಿತು. ಮೂರೂವರೆಯೊಳಗೆ ಆ ಮಾತು ನಲವತ್ತೊಂದು ಮನೆಗೂ ಮುಟ್ಟಿತು. ಗುಮಾಸ್ತರು ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟರು.

ಸಾಹೇಬರು ನಾಲ್ಕಕ್ಕೆ ಸರಿಯಾಗಿ ಬಂದರು. ಬೀದಿಯ ನಡುವೆ ನಿಂತು, ಕನ್ನಡಕ ಏರಿಸಿ ಓದಿದರು. "ನೀರಿನ ಅಭಾವ ಇರುವುದರಿಂದ ಹಳೆಯ ಬಾವಿಗಾಗಿ ಮನೆ ಖಾಲಿ ಮಾಡಿಸುವ ನಿಯಮ ರದ್ದಾಗಿದೆ. ಮನೆಯಡಿ ಹಳೆಯ ಬಾವಿ ಇರುವವರಿಗೆ ಇಲಾಖೆಯೇ ಪಂಪು, ಪೈಪು ಹಾಕಿಸಿಕೊಡುತ್ತದೆ." ಕಾಗದ ಮಡಚಿದರು. "ಆದರೆ ಈ ಬೀದೀಲಿ ಒಂದೂ ಬಾವಿ ಇಲ್ಲ ಅಂತ ನಮ್ಮ ಗುಮಾಸ್ತರು ಖುದ್ದಾಗಿ ನೋಡಿ ಬರೆದಿದ್ದಾರೆ. ಹಾಗಾಗಿ ಪಂಪುಗಳೆಲ್ಲ ಪಕ್ಕದ ಬೀದಿಗೆ."

ಪಕ್ಕದ ಬೀದಿ ಎಂದದ್ದೇ ತಪ್ಪಾಯಿತು. ಕೊಟ್ಟ ಮಾತು ಉಳಿದದ್ದು ದರ್ಜಿ ಒಮ್ಮೆ ಉಗುಳು ನುಂಗುವಷ್ಟು ಹೊತ್ತು.

"ನಮ್ಮನೇಲಿ ಇದೆ ಸರ್" ಎಂದ ದರ್ಜಿ.

"ನಮ್ಮಲ್ಲಿ ಮೂವತ್ತು ಅಡೀದು" ಎಂದರು ಹೆಡ್‌ಮಾಸ್ತರು. ಆಮೇಲೆ ಯಾರು ಏನೆಂದರೋ ಕೇಳಿಸಲಿಲ್ಲ. ಇಡೀ ಬೀದಿ ಕೈ ಎತ್ತಿತ್ತು. ಇಷ್ಟರಲ್ಲಿ ದರ್ಜಿಯ ಅತ್ತೆಗೆ ಗುಮಾಸ್ತರ ಮೇಲೆ ಕನಿಕರ ಉಕ್ಕಿತು. "ಇವರದ್ದೂ ಬರ್ಕೊಳ್ಳಿ ಸ್ವಾಮಿ. ಪಾಪ, ಬಾಯಿಬಿಟ್ಟು ಕೇಳೋ ಜಾಯಮಾನ ಅಲ್ಲ ಅವರದು. ಅಡುಗೆಮನೇಲಿ ಎಂಥಾ ಬಾವಿ ಅಂತೀರಿ."

ಸಾಹೇಬರು ಗುಮಾಸ್ತರನ್ನು ನೋಡಿದರು. ಗುಮಾಸ್ತರು ನೆಲ ನೋಡಿದರು. ಸಾಹೇಬರು ಜೊತೆಗೆ ತಂದಿದ್ದ ರಿಜಿಸ್ಟರು ತೆರೆದು, ಗುಮಾಸ್ತರ ಸಹಿಯ ಮೇಲೆ ಬೆರಳಿಟ್ಟು ಕೆಳಗೆ ಜಾರಿಸಿದರು. ಬೆರಳು ಇನ್ನೊಂದು ಸಹಿಯ ಮೇಲೆ ನಿಂತಿತು. 'ನಾನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಿದ್ದೇನೆ.' ಅದು ಸಾಹೇಬರದೇ. ರಿಜಿಸ್ಟರು ಪಟ್ಟನೆ ಮುಚ್ಚಿದರು.

"ದಾಖಲೆ ಸುಳ್ಳು ಹೇಳಲ್ಲ" ಎಂದರು. "ಮೂರು ವರ್ಷದ ಹಿಂದೆ ಇಲ್ಲಿ ಬಾವಿ ಇರಲಿಲ್ಲ. ಈಗ ನಲವತ್ತೊಂದು ಇವೆ. ಅಂದರೆ ನೀವೆಲ್ಲ ಸೇರಿ ಅನುಮತಿ ಇಲ್ಲದೆ ತೋಡಿದ್ದೀರಿ."

"ಸ್ವಾಮಿ, ಒಳಗಿನ ಕಲ್ಲಿಗೆ ಗೇಣುದ್ದ ಪಾಚಿ ಕಟ್ಟಿದೆ" ಎಂದರು ಹೆಡ್‌ಮಾಸ್ತರು.

"ಪಾಚಿ ದಾಖಲೆ ಅಲ್ಲ."

ಅಲ್ಲೇ ಕಾರಿನ ಬಾನೆಟ್ಟಿನ ಮೇಲೆ ನಲವತ್ತೊಂದು ನೋಟೀಸು ತಯಾರಾದವು: ಅಕ್ರಮವಾಗಿ ಬಾವಿ ತೋಡಿದ್ದಕ್ಕೆ ಹದಿನೈದು ದಿನದೊಳಗೆ ಮನೆ ಖಾಲಿ ಮಾಡತಕ್ಕದ್ದು. ಬರೆದವರು ಗುಮಾಸ್ತರೇ, ಅದೇ ದುಂಡಗಿನ ಅಕ್ಷರದಲ್ಲಿ. ಕೊನೆಯದಕ್ಕೆ ಸಹಿ ಬಿದ್ದ ಮೇಲೆ ಸಾಹೇಬರು ಬಡ್ತಿಯ ಕಾಗದ ತೆಗೆದು ಅವರ ಕೈಗಿತ್ತು, ಕೈ ಕುಲುಕಿದರು.

"ಅಭಿನಂದನೆ. ನೋಟೀಸು ಹಂಚೋದು ಮುಖ್ಯ ಗುಮಾಸ್ತರ ಕೆಲಸ. ಮನೆಮನೆಗೆ ಹೋಗಿ, ಬಾಗಿಲು ತಟ್ಟಿ, ಖುದ್ದಾಗಿ ಕೊಟ್ಟು ಬನ್ನಿ."

ಕಾರು ಹೊರಟುಹೋಯಿತು. ನಲವತ್ತು ಮನೆಗಳ ಬಾಗಿಲಲ್ಲೂ ಜನ ಅಂಗಿಯ ತೋಳು ಮಡಚಿ ಮೇಲಕ್ಕೆ ಸರಿಸುತ್ತ ನಿಂತಿದ್ದರು. ಎಲ್ಲಿಂದ ಶುರು ಮಾಡುವುದೆಂದು ಮುಖ್ಯ ಗುಮಾಸ್ತರು ಬಹಳ ಹೊತ್ತು ಯೋಚಿಸಿದರು. ಕೊನೆಗೆ, ಸದ್ಯಕ್ಕೆ ಒಳಗೆ ಸೇರಿಕೊಂಡರೆ ಸಾಕೆಂದು, ತಮ್ಮ ಮನೆಯ ಬಾಗಿಲನ್ನೇ ಮೊದಲು ತಟ್ಟಿದರು.

ಹೆಂಡತಿ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಳು. ಕೈ ಚಾಚಿ ನೋಟೀಸು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು.

"ನಮ್ಮ ಯಜಮಾನರು ಮನೇಲಿಲ್ಲ" ಎಂದಳು. "ನಾಳೆ ಬನ್ನಿ."

ಒಳಗಿನಿಂದ ಚಿಲಕ ಬಿತ್ತು.