ಪೋಸ್ಟ್ ಮಾಸ್ತರನ ಹಿತ್ತಲು

ಹಿತ್ತಲಲ್ಲಿ ಗಿಡ ಹಚ್ಚುವವನಿಗೂ ನಗೆಪಾಟಲಿಗೂ ಅದೇನು ನಂಟೋ, ನಾನು ಗುದ್ದಲಿ ಹಿಡಿದಲ್ಲೆಲ್ಲ ಒಂದಿಲ್ಲೊಂದು ಫಜೀತಿ ಆಗಿಯೇ ಆಗುತ್ತಿತ್ತು. ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನಾನು ಪೋಸ್ಟ್ ಮಾಸ್ತರ. ಕಚೇರಿಯ ಹಿಂದೆ ಮನೆ, ಮನೆಯ ಹಿಂದೆ ಅಂಗೈಯಗಲ ಹಿತ್ತಲು. ಸಂಜೆ ಟಪಾಲು ಚೀಲ ಕಟ್ಟಿ ಕಳಿಸಿದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಇನ್ನೂ ಮೊಳಕೆಯೊಡೆಯದ ಗಿಡದಲ್ಲಿ ಕಾಯಿ ಕಾಣುವುದು ನನ್ನ ಚಟ. ಗಾಳಿ ಬೀಸಿದರೆ ಇಲ್ಲದ ಎಲೆಗಳ ಸಪ್ಪಳವೂ ಕೇಳುತ್ತಿತ್ತು. ಕೈಯಾರೆ ಬೆಳೆದದ್ದನ್ನು ಒಮ್ಮೆಯಾದರೂ ನಾನೇ ತಿನ್ನಬೇಕು, ಅದೊಂದೇ ಆಸೆ. ಆದರೆ ಕಾಯಿ ಬಿಡುವ ಹೊತ್ತಿಗೆ ಸರಿಯಾಗಿ ವರ್ಗದ ಹುಕುಂ ಬರುತ್ತಿತ್ತು.

ಹಾನಗಲ್ಲಿನ ಕುಂಬಳ

ಅಲ್ಲಿ ಬಚ್ಚಲ ನೀರಿಗೆ ಕುಂಬಳದ ಬಳ್ಳಿ ಹಬ್ಬಿ ಒಂದೇ ಒಂದು ಹೀಚು ಕಚ್ಚಿತ್ತು. "ಬೆರಳ ಮಾಡಿ ತೋರಸಬ್ಯಾಡಪಾ, ಕೊಳೀತೈತಿ" ಅಂದಳು ಪಕ್ಕದ ಮನೆಯ ಅಜ್ಜಿ. ಅಂದಿನಿಂದ ಬಂದವರಿಗೆಲ್ಲ ಗದ್ದದಿಂದ, ಮೊಣಕೈಯಿಂದ ತೋರಿಸಿ ತೋರಿಸಿ ಕುತ್ತಿಗೆ ಉಳುಕಿತು. ಕಚೇರಿ ತಪಾಸಣೆಗೆ ಬಂದ ಇನ್ಸ್‌ಪೆಕ್ಟರರು ಹಿತ್ತಲಿಗೂ ಕಾಲಿಟ್ಟರು. "ಅದೇನ್ರಿ ಅಲ್ಲಿ?" ಎಂದು ತೋರುಬೆರಳು ಎತ್ತಿದರು. ನಾನು ಜಿಗಿದು ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟೆ.

"ಬ್ಯಾಡ್ರಿ ಸರ್, ಕೊಳೀತೈತಿ!"

ಅವರು ಗಾಬರಿಯಿಂದ ತಮ್ಮ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಹೀಚು ಕೊಳೆಯಲಿಲ್ಲ. ನನಗೆ ಶಿಗ್ಗಾವಿಗೆ ವರ್ಗವಾಯಿತು.

ಶಿಗ್ಗಾವಿಯ ಕೊತ್ತಂಬರಿ

ಇಲ್ಲಿ ಬುದ್ಧಿವಂತನಾಗಿ ಬೇಗ ಬರುವ ಬೆಳೆಯನ್ನೇ ಆರಿಸಿಕೊಂಡೆ. ಅಡುಗೆಮನೆಯ ಡಬ್ಬಿಯಿಂದ ಕೊತ್ತಂಬರಿ ಕಾಳು ತೆಗೆದು, ಚಪ್ಪಲಿಯಿಂದ ತಿಕ್ಕಿ ಹೋಳು ಮಾಡಿ ಬಿತ್ತಿದೆ. ಕಣ್ಣು ಮುಚ್ಚಿದರೆ ಮಡಿಯ ತುಂಬ ಹಸಿರೋ ಹಸಿರು. ಬೆಳಿಗ್ಗೆ ನೀರು ಬಿದ್ದಾಗ ಘಮ ಅಂತೂ ನಿಜವಾಗಿಯೇ ಬರುತ್ತಿತ್ತು. ಎಲೆ ಮಾತ್ರ ಬರಲಿಲ್ಲ.

ಒಂದು ದಿನ ಹೆಂಡತಿ ಡಬ್ಬಿ ಹಿಡಿದು ಬಂದಳು. "ಸಾರಿನ ಪುಡಿಗಂತ ಹುರಿದಿಟ್ಟ ಕೊತ್ತಂಬರಿ ಎಲ್ಲಿ ಹೋತ್ರಿ?"

ನಾನು ಮಡಿಯ ಕಡೆ ನೋಡಿದೆ. ಅವಳೂ ನೋಡಿದಳು.

"ಇನ್ನೊಂದೀಟ ನೀರ ಹಾಕ್ರಿ," ಅಂದಳು. "ಸಾರ ಎದ್ದ ಬರತೈತಿ."

ಹಿರೇಕೆರೂರಿನ ಗುದ್ದಲಿ

ಬಡಿಗನ ಹತ್ತಿರ ಗುದ್ದಲಿಗೆ ಹಿಡಿಯಲು ಹೊಸ ಕಟ್ಟಿಗೆಯ ಕಾವು ಹಾಕಿಸುವುದರೊಳಗೆ ಸವಣೂರಿಗೆ ವರ್ಗವಾಯಿತು. ಕಾವೇನೋ ಚಲೋ ಇತ್ತು.

ಸವಣೂರಿನ ಎಲೆಬಳ್ಳಿ

ಸವಣೂರಿನ ವೀಳ್ಯದೆಲೆಗೆ ಸುತ್ತಲೆಲ್ಲ ಹೆಸರು. ಪಕ್ಕದ ಮನೆಯ ದರ್ಜಿ ಚಾಚಾನ ಹಿತ್ತಲಲ್ಲಿ ನುಗ್ಗೆ ಮರಕ್ಕೆ ಬಳ್ಳಿ ಹಬ್ಬಿತ್ತು. ಹಚ್ಚುವುದಕ್ಕೆ ಒಂದು ತುಂಡು ಕೊಡು ಎಂದು ಕೇಳಿದೆ.

"ಕೇಳಿ ಇಸಕೊಂಡ ಬಳ್ಳಿ ಬೇರ ಬಿಟ್ಟ ಹತ್ತಂಗಿಲ್ರಿ ಮಾಸ್ತರ್ರ. ಕದ್ದ ಹಚ್ಚಬೇಕು."

"ಹಂಗಾರ ಯಾವಾಗ ಕದೀಲ್ರಿ?"

"ಶುಕ್ರವಾರ ನಾ ನಮಾಜಿಗೆ ಹೋಗಿರ್ತೇನಿ. ನಂಗ ಗೊತ್ತಾಗಬಾರದು ಮತ್ತ."

ಶುಕ್ರವಾರ ಗೋಡೆ ಹತ್ತಿ ಇಳಿದು ಬಳ್ಳಿ ಕತ್ತರಿಸಿದೆ. ವಾಪಸು ಗೋಡೆಯ ಮೇಲೆ ಒಂದು ಕಾಲು ಹಾಕುವಷ್ಟರಲ್ಲಿ ಚಾಚಾನ ಮುದಿ ತಾಯಿ ಹೊರಗೆ ಬಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. "ಕಳ್ಳ! ಕಳ್ಳ!" ಎಂದು ಓಣಿ ಹಾರಿಹೋಗುವಂತೆ ಕೂಗಿದಳು. ಮಸೀದಿಯಿಂದ ಬರುತ್ತಿದ್ದವರೆಲ್ಲ ಓಡಿ ಬಂದರು. ಮನಿಯಾರ್ಡರಿನ ದಾರಿ ಕಾಯುತ್ತಿದ್ದ ಕೆಲವರು ಮುಖ ಮುಖ ನೋಡಿಕೊಂಡರು. ಪೋಸ್ಟ್ ಮಾಸ್ತರ ಕಳ್ಳ ಅನ್ನಿಸಿಕೊಂಡರೆ ನೌಕರಿಯೂ ಹೋಯಿತು, ಮಾನವೂ ಹೋಯಿತು.

ಚಾಚಾ ಓಡಿ ಬಂದ. ಬದುಕಿದೆ ಅಂದುಕೊಂಡೆ. ಅವನು ನನ್ನ ಮುಖ ನೋಡಿದ, ಕೈಯಲ್ಲಿದ್ದ ಬಳ್ಳಿ ನೋಡಿದ. ಕದಿಯಲು ತಾನೇ ಒಪ್ಪಿದ್ದು ಎಂದು ಅವನು ಹೇಳಿದರೆ ಬಳ್ಳಿ ಹತ್ತುವುದಿಲ್ಲವಲ್ಲ! "ಹೌದ್ರಿ, ಮಾಸ್ತರ್ರು ಕದ್ದಾರ! ನಾ ಕೊಟ್ಟಿಲ್ಲ!" ಎಂದು ಎಲ್ಲರಿಗೂ ಸಾರಿದ.

ಆ ಗಳಿಗೆಯಲ್ಲಿ ನನಗೂ ಮಾನಕ್ಕಿಂತ ಬಳ್ಳಿ ದೊಡ್ಡದಾಯಿತು. "ಹೌದ್ರಿ, ಕದ್ದೇನಿ," ಅಂದೆ.

ಗುಂಪಿನಲ್ಲಿದ್ದ ಹಿರಿಯರೊಬ್ಬರು ನನ್ನ ಕೈ ನೋಡಿ ನಕ್ಕುಬಿಟ್ಟರು. "ಎಲಿಬಳ್ಳಿ ಏನ್ರಿ? ಹಂಗಾರ ಗಟ್ಟಿ ಹಿಡಕೊಂಡ ಇಳೀರಿ, ಬಿದ್ದೀರಿ!"

ಬಳ್ಳಿ ಹತ್ತಿತು. ಎಷ್ಟೋ ಸಂಜೆ ಅದರ ನೆರಳಿನಲ್ಲಿ ಕೂತು ಹೊತ್ತು ಹೋದದ್ದೇ ತಿಳಿಯಲಿಲ್ಲ. ಮೊದಲ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡಾಗ ಕಣ್ಣಲ್ಲಿ ನೀರು ಬಂತು. ಸುಣ್ಣ ಹೆಚ್ಚಾಗಿದೆ ಎಂದಳು ಹೆಂಡತಿ. ನಿಜ ಹೇಳಬೇಕೆಂದರೆ, ಸಂತೋಷಕ್ಕೆ.

ಮತ್ತೆ ವರ್ಗದ ಹುಕುಂ ಬಂತು. ಯಲವಿಗಿ ಸ್ಟೇಶನ್ನಿಗೆ ಹೊರಟ ಚಕ್ಕಡಿಗೆ ಸಾಮಾನೆಲ್ಲ ಏರಿದರೂ ನಾನು ಬಳ್ಳಿಯ ಮುಂದೆಯೇ ನಿಂತಿದ್ದೆ. ಒಂದು ತುಂಡು ಒಯ್ಯಬೇಕು, ಆದರೆ ನನ್ನದೇ ಬಳ್ಳಿಯನ್ನು ನಾನು ಕದಿಯುವುದು ಹೇಗೆ? ಗೋಡೆಯಾಚೆಯಿಂದ ಚಾಚಾನ ತಾಯಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಎಲೆಬಳ್ಳಿ ಹಬ್ಬಿದ್ದ ತನ್ನ ನುಗ್ಗೆ ಮರಕ್ಕೆ ಬೆನ್ನು ತಿರುಗಿಸಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಲಗೂ ಮಾಡು ಬೇಟಾ, ನಾ ನೋಡಂಗಿಲ್ಲ," ಅಂದಳು. "ಹೋದ ಸಲ ಭಾಳ ಗದ್ದಲ ಮಾಡಿದಿ. ಈ ಸಲರೆ ನೆಟ್ಟಗ ಕದಿ."