ನಡುಗುವ ಸ್ಟೇರಿಂಗು, ಪಕ್ಕದಲ್ಲಿ ಅಕ್ಕ

ನಾನು ಪುಕ್ಕಲ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಮುಚ್ಚಿಟ್ಟರೆ ನಿಲ್ಲುವ ಗುಣವೂ ಅಲ್ಲ ಅದು. ಹಲ್ಲಿ ಲೊಚಗುಟ್ಟಿದರೆ ಬೆಚ್ಚುತ್ತೇನೆ. ಡಾಕ್ಟರು ಸ್ಟೆತಾಸ್ಕೋಪು ಕಿವಿಗಿಟ್ಟುಕೊಳ್ಳುವ ಮೊದಲೇ ನನ್ನ ಎದೆಬಡಿತ ಅವರಿಗೆ ಕೇಳಿಸಿರುತ್ತದೆ. ಇಂಥವನು ಗಾಡಿ ಹೇಗೆ ಓಡಿಸುತ್ತಾನೆಂದು ಜನ ಕೇಳುತ್ತಾರೆ. ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂರುವ ಧೈರ್ಯವಿಲ್ಲದ್ದರಿಂದ ಓಡಿಸುತ್ತೇನೆ, ಅಷ್ಟೇ.

ಬಸವಕಲ್ಯಾಣದಲ್ಲಿ ನನ್ನದು ಮದುವೆಮನೆಗಳಿಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿ. ಹಂಡೆ, ಪರಾತ, ಕೊಳಗಗಳನ್ನು ಹೊತ್ತು ಮಂಠಾಳ, ಮೋರಖಂಡಿ ಸುತ್ತುವ ಪಿಕಪ್ಪು ನನ್ನ ಲಗ್ನಕ್ಕಿಂತ ಹಳೆಯದು. ಅದರ ಸ್ಟೇರಿಂಗಿಗೂ ಮುಂದಿನ ಗಾಲಿಗಳಿಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ನಾನು ಕಾಲು ಸುತ್ತು ತಿರುಗಿಸಿದ ಮೇಲೆ ಗಾಲಿಗಳು ಯೋಚಿಸಿ ಹೊರಳುತ್ತಿದ್ದವು. ಒಂದೇ ಮನೆಯಲ್ಲಿ ಮುನಿಸಿಕೊಂಡವರ ನಡುವೆ ಬದುಕಿದ ಹಾಗೆ ನಾನೂ ಹೊಂದಿಕೊಂಡಿದ್ದೆ. ತಿರುವು ಬರುವ ಮುಂಚೆಯೇ ತಿರುಗಿಸುವುದು, ಮುಗಿಯುವ ಮುಂಚೆಯೇ ಹಿಂದಕ್ಕೆಳೆಯುವುದು. ಮೆಕ್ಯಾನಿಕ್ಕಿಗೆ ತೋರಿಸಬಹುದಿತ್ತು. ಆದರೆ ತೋರಿಸಿದರೆ ಏನಾದರೂ ಸಿಕ್ಕೀತೆಂಬ ಹೆದರಿಕೆ. ಕೆಳಗಿನಿಂದ ಏಳುವ ಕಟಕಟ ಸದ್ದು ಹಿಂದಿನ ಪಾತ್ರೆಗಳ ಗದ್ದಲದಲ್ಲಿ ಕರಗಿ ಹೋಗುತ್ತಿದ್ದುದೂ ಒಂದು ಸಮಾಧಾನವೇ.

ಆ ಸಮಾಧಾನ ಕಳೆದದ್ದು ನೀಲಕ್ಕನಿಂದ. ಅವಳು ನನ್ನ ಹಿರಿಯಕ್ಕ. ಮೋರಖಂಡಿಯಲ್ಲಿ ಒಬ್ಬಳೇ ಹೊಲ ನೋಡಿಕೊಳ್ಳುತ್ತಾಳೆ. ಬಾವಿಯ ಮೆಟ್ಟಿಲ ಮೇಲೆ ಹಾವು ಕಂಡರೆ ‘ಸರಿ ಅತ್ತಾಗ’ ಎಂದು ಕೊಡ ತುಂಬಿಸಿಕೊಂಡು ಬರುವ ಹೆಂಗಸು. ಹುಮನಾಬಾದಿಗೆ ಕೊಟ್ಟ ಅವಳ ಮಗಳಿಗೆ ಹೆರಿಗೆಯಾಗಿತ್ತು. ಮನೆತನದ ಸಾಗವಾನಿ ತೊಟ್ಟಿಲನ್ನು ಅಲ್ಲಿಗೆ ಮುಟ್ಟಿಸಬೇಕಿತ್ತು. ತೊಟ್ಟಿಲಿಗೆ ಕೌದಿ ಸುತ್ತಿ ಹಿಂದೆ ಕಟ್ಟಿ ಹೊರಟೆವು. ಪಾತ್ರೆಗಳಿಲ್ಲದ ಗಾಡಿಯಲ್ಲಿ ಕೆಳಗಿನ ಪ್ರತಿ ಸದ್ದೂ ನಿಚ್ಚಳವಾಗಿ ಕೇಳತೊಡಗಿತು.

ಸಸ್ತಾಪುರ ಬಂಗ್ಲಾ ದಾಟಿ ಹೈವೇಗೆ ಏರಿ ಸ್ವಲ್ಪ ಜೋರು ಬಿಟ್ಟೆನೋ ಇಲ್ಲವೋ, ಸ್ಟೇರಿಂಗು ಗಡಗಡ ನಡುಗಿತು. ಗಾಡಿಗೆ ಚಳಿಜ್ವರ ಬಂದಿದೆಯೇ ಎಂದು ಅಕ್ಕ ಕೇಳಿದಳು. ರಸ್ತೆಯೇ ಹಾಗೆಂದೆ. ಮುಂದಿನ ಮೋಟಾರು ಸೈಕಲ್ಲು ಸುಮ್ಮನೆ ಜಾರಿ ಹೋಗುತ್ತಿರುವುದನ್ನು ಅವಳು ಬೆರಳು ಮಾಡಿ ತೋರಿಸಿದಳು. ಅಷ್ಟರಲ್ಲಿ ಕಬ್ಬು ತುಂಬಿದ ಟ್ರಾಕ್ಟರೊಂದು ಎದುರಿನಿಂದ ಬಂತು. ನಾನು ಎಡಕ್ಕೆ ತಿರುಗಿಸಿದೆ. ಗಾಡಿ ನೇರ ಹೋಯಿತು. ಇನ್ನಷ್ಟು ತಿರುಗಿಸಿದೆ. ಎಡಕ್ಕೆ ಬಂದದ್ದು ಬಂದೇ ಬಂತು, ರಸ್ತೆಯಂಚಿನ ಮಣ್ಣಿಗಿಳಿದು ಧೂಳೆಬ್ಬಿಸಿ ಹೇಗೋ ಮೇಲೆ ಹತ್ತಿತು. ಪಕ್ಕಕ್ಕೆ ನೋಡಿದರೆ ಅಕ್ಕ ಕೊರಳಿನ ಲಿಂಗವನ್ನು ಸೀರೆಯ ಮೇಲಿಂದಲೇ ಗಟ್ಟಿಯಾಗಿ ಹಿಡಿದಿದ್ದಳು. ಟ್ರಾಕ್ಟರಿಗಿಂತ ಅವಳ ಆ ಕೈ ನೋಡಿ ನನಗೆ ಬೆವರು ಕಿತ್ತುಕೊಂಡಿತು. ಹಾವಿಗೆ ಅಂಜದವಳು ನನ್ನ ಡ್ರೈವಿಂಗಿಗೆ ಅಂಜಿದ್ದಳು.

“ಮೊದಲ ಇದನ್ನ ಯಾರಿಗರ ತೋರಸು. ತೊಟ್ಟಿಲ ಆಮ್ಯಾಲ,” ಎಂದಳು.

ಉಳಿದ ದಾರಿಯನ್ನು ಎತ್ತಿನ ಗಾಡಿಯ ವೇಗದಲ್ಲಿ ಸವೆಸಿದೆ. ಹಿಂದಿನವರು ಹಾರ್ನ್ ಬಾರಿಸಿ ಬೈದರೂ ನನಗೆ ಆಶೀರ್ವಾದದಂತೆ ಕೇಳುತ್ತಿತ್ತು, ಬೈಸಿಕೊಳ್ಳುತ್ತಿದ್ದೇನೆಂದರೆ ಬದುಕಿದ್ದೇನೆ. ಹುಮನಾಬಾದಿನ ಅಂಚಿನಲ್ಲಿ ಇಸ್ಮಾಯಿಲ್ ಎಂಬ ಮೆಕ್ಯಾನಿಕ್ಕಿನ ಗ್ಯಾರೇಜು ಕಂಡಿತು. ಒಳಗೆ ಹೊರಳಿಸುವಾಗ ಕೆಳಗೆ ಟಣ್ಣೆಂದಿತು. ಗಾಡಿ ಗೇಟು ದಾಟಿದೊಡನೆ ಕಾಲು ಮುರಿದುಕೊಂಡಂತೆ ನಿಂತುಬಿಟ್ಟಿತು. ಇಳಿದು ನೋಡಿದರೆ ಮುಂದಿನ ಒಂದು ಗಾಲಿ ಬೀದರಿನ ಕಡೆಗೂ ಇನ್ನೊಂದು ಕಲಬುರಗಿಯ ಕಡೆಗೂ ಮುಖ ಮಾಡಿದ್ದವು.

ಇಸ್ಮಾಯಿಲ್ ಕೆಳಗೆ ನುಸುಳಿ, ಸ್ಟೇರಿಂಗಿನ ಸರಳನ್ನು ಗಾಲಿಗೆ ಜೋಡಿಸುವ ಟೈ ರಾಡ್ ಎಂಡು ಕಳಚಿ ಬಿದ್ದಿದೆ ಎಂದ. ಅದರ ಗುಂಡು ಸವೆದು ಹುಣಸೆಬೀಜದಂತಾಗಿತ್ತು.

“ಅಣ್ಣಾರ, ಇದು ಜರಾ ಮೊದಲ, ಹೈವೇ ಮ್ಯಾಲ ಬಿಟ್ಟಿತ್ತಂದ್ರ...” ಎಂದವನು ಅಕ್ಕನ ಮುಖ ನೋಡಿ ಮಾತು ನುಂಗಿದ. ಪೂರ್ತಿ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ನುಂಗಿದ ಮಾತನ್ನು ನಾನೇ ಬಗೆಬಗೆಯಾಗಿ ಮುಗಿಸಿಕೊಳ್ಳುತ್ತ ಹಳೆಯ ಟೈರಿನ ಮೇಲೆ ಕುಸಿದು ಕೂತೆ. ಎರಡೂ ಕಡೆಯ ಎಂಡುಗಳು, ಬಾಲ್ ಜಾಯಿಂಟುಗಳು, ಇನ್ನೂ ಏನೇನು ಬಿಚ್ಚಬಹುದೋ ಎಲ್ಲ ಬದಲಾಯಿಸು ಎಂದೆ. ಹಾರ್ನನ್ನೂ ಬದಲಾಯಿಸು ಎಂದಾಗ ಅವನು, ಅದರ ತಪ್ಪೇನೂ ಇಲ್ಲವೆಂದ.

ಬಿಡಿಭಾಗಗಳ ಅಂಗಡಿಗೆ ಆಳನ್ನು ಕಳಿಸಿ ಸಾಮಾನು ತರಿಸಿ, ಹಟ ಹಿಡಿದ ಬೋಲ್ಟುಗಳನ್ನು ಸುತ್ತಿಗೆಯಿಂದ ಒಲಿಸಿ ಅವನು ಕೆಲಸ ಮುಗಿಸಿದ. ಗಾಲಿಗಳು ಒಂದೇ ಊರಿನ ಕಡೆ ನೋಡತೊಡಗಿದವು. ಒಂದು ಸುತ್ತು ಹಾಕಿ ಬನ್ನಿರೆಂದ. ಅಕ್ಕ ಗಾಡಿಯಿಂದ ಇಳಿಸಿಟ್ಟ ತೊಟ್ಟಿಲ ಪಕ್ಕ ಬೇವಿನ ನೆರಳಲ್ಲಿ ಚಹಾ ಕುಡಿಯುತ್ತಿದ್ದಳು. ಗೇಟು ದಾಟಲು ನಾನು ರೂಢಿಯಂತೆ ಮುಂಚಿತವಾಗಿಯೇ ಅರ್ಧ ಸುತ್ತು ತಿರುಗಿಸಿದೆ. ಗಾಡಿ ತಕ್ಷಣ ಮಾತು ಕೇಳಿತು. ಗೇಟು ಬಿಟ್ಟು ಹಳೆಯ ಟೈರುಗಳ ರಾಶಿಗೆ ಮೂತಿ ಇಟ್ಟಿತು. ಗಾಬರಿಯಿಂದ ಇನ್ನೊಂದು ಕಡೆಗೆ ಎಳೆದರೆ ಬೇವಿನ ಮರದ ಕಡೆಗೇ ನುಗ್ಗಿತು. ಅಕ್ಕ ಕಪ್ಪು ಬಿಸಾಡಿ ತೊಟ್ಟಿಲಿಗೆ ಅಡ್ಡ ನಿಂತಳು. ಬ್ರೇಕು ಒತ್ತಿದ್ದು ನಾನೋ ನನ್ನ ಕಾಲಿನ ನಡುಕವೋ ಈಗಲೂ ತಿಳಿಯದು. ಅಂತೂ ಗಾಡಿ ನಿಂತಿತು.

ಅಕ್ಕನಿಗೆ ಆಟೋದಲ್ಲಿ ಹೋಗೆಂದೆ. ತೊಟ್ಟಿಲನ್ನೂ ಅದರಲ್ಲೇ ಹೇಗಾದರೂ ಕಟ್ಟಿಸುತ್ತೇನೆಂದೆ. ಅವಳು ಸೆರಗಿಗೆ ಸಿಡಿದ ಚಹಾ ಒರೆಸಿಕೊಂಡು, ತೊಟ್ಟಿಲನ್ನು ಮತ್ತೆ ಗಾಡಿಯ ಹಿಂದೆ ಕಟ್ಟಿಸಿ ಕ್ಯಾಬಿನ್ನು ಹತ್ತಿದಳು.

“ನನಗೂ ಅಂಜಿಕಿ ಆಗ್ಯಾದ ತಮ್ಮಾ. ನೀ ಒಬ್ಬಾವನ ಬರೋದು ನೆನಸಿದ್ರ ಇನ್ನಾ ಹೆಚ್ಚಿಗಿ ಆಗ್ತದ. ನಡಿ.”

ಊರೊಳಗಿನ ದಾರಿಯುದ್ದಕ್ಕೂ ನಾನು ಬಿಗಿಹಿಡಿದ ಉಸಿರನ್ನು ಬಿಡಲಿಲ್ಲ. ಅವಳು ಮಾತ್ರ ‘ಸಾವಕಾಶ, ಇಷ್ಟ ಸಾಕು’ ಎಂದು ಹೊಸ ಸೊಸೆಗೆ ರೊಟ್ಟಿ ಬಡಿಯಲು ಕಲಿಸುವಂತೆ ಹೇಳಿಕೊಡುತ್ತಿದ್ದಳು. ಮಗಳ ಓಣಿ ಬರುವಷ್ಟರಲ್ಲಿ ಸ್ಟೇರಿಂಗು ಮತ್ತೆ ನಡುಗುತ್ತಿದೆ ಎಂದು ಚೀರಿದೆ. ಕೈ ಸಡಿಲ ಬಿಡು ಎಂದಳು. ಬಿಟ್ಟೆ. ಸ್ಟೇರಿಂಗು ತಣ್ಣಗೆ ನಿಂತಿತು. ಗಾಡಿ ನೂಲು ಹಿಡಿದಂತೆ ನೇರ ಹೋಗಿ ಬಾಗಿಲ ಮುಂದೆ ನಿಂತಿತು. ನಡುಗುತ್ತಲೇ ಇದ್ದದ್ದು ನನ್ನ ಕೈ.

ತೊಟ್ಟಿಲನ್ನು ಅಕ್ಕನ ಅಳಿಯನೇ ಇಳಿಸಿಕೊಂಡ. ಒಳಗೆ ಅಕ್ಕನ ಮಗಳು ‘ಮಾಮಾ, ಕೂಸಿನ್ನ ತಗೊಳ್ರಿ’ ಎಂದು ಮಗುವನ್ನು ನನ್ನತ್ತ ಚಾಚಿದಳು. ಅಕ್ಕ ನಡುವೆ ಬಂದು ತಾನೇ ಎತ್ತಿಕೊಂಡಳು. ಅವನ ಕೈ ಮೊದಲು ನಿಲ್ಲಲಿ, ಆಮೇಲೆ ಕೊಟ್ಟರಾಯಿತು ಎಂದಳು. ನಾನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಜಮಖಾನೆಯ ಮೇಲೆ ಸರದಿ ಕಾಯುತ್ತ ಕೂತೆ.